ಪುಳುಕ್ಕದ ಪುಳಕ

ಚೆನ್ನೈನಲ್ಲಿ ಬೆಳಗ್ಗೆ ಓಡಲು ಹೋಗುವವರಿಗೆ ಸ್ನಾನದ ನೀರು ಉಳಿಯುತ್ತದೆ. ಸೂರ್ಯ ಹುಟ್ಟುವ ಮೊದಲೇ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಬಾಗಿಲು ತೆಗೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಮುಖಕ್ಕೆ ಹಬೆ ಹೊಡೆಯುತ್ತದೆ. ಇಂಥ ಊರಿನಲ್ಲಿ ನಾನು ಓಡಲು ಶುರು ಮಾಡಿದ್ದು ಆರೋಗ್ಯಕ್ಕಲ್ಲ, ಕನ್ನಡಕ್ಕಾಗಿ. ನಗಬೇಡಿ.

ಮಗಳು ಇಲ್ಲಿಯೇ ಓದಿ ಬೆಳೆದವಳು. ನಮ್ಮ ಮೈಸೂರಿನ ಮಾತು ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಊಟಕ್ಕೆ ಬಾರಮ್ಮ ಎಂದರೆ ‘ವರೇನ್‌ಪಾ’. ಮನೆಯ ಮಾತನ್ನು ಅವಳ ಬಾಯಲ್ಲಿ ಕೇಳಬೇಕೆಂದು ನನಗೆ ಬಹಳ ಆಸೆಯಿತ್ತು, ಕೇಳದೆ ಸಂಕಟವೂ ಆಗುತ್ತಿತ್ತು. ಅವಳು ಶಾಲೆಯ ಓಟದ ತಂಡಕ್ಕೆ ಸೇರಿ ಅಡ್ಯಾರಿನ ಬೀದಿಗಳಲ್ಲಿ ಅಭ್ಯಾಸ ಶುರು ಮಾಡಿದಾಗ, ನಾನೂ ಬರುತ್ತೇನೆ, ಓಡುವಾಗ ಕನ್ನಡ ಮಾತ್ರ ಎಂದು ಷರತ್ತು ಹಾಕಿದೆ. ಕೂಡಲೇ ಒಪ್ಪಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಓಡುವಾಗ ಅವಳು ಯಾವ ಭಾಷೆಯನ್ನೂ ಆಡಲಿಲ್ಲ. ಮಾತನಾಡಿದರೆ ಉಸಿರು ಕೆಡುತ್ತದೆಂದು ಕೋಚ್ ಹೇಳಿದ್ದಾರಂತೆ. ಹೀಗಾಗಿ ಮಾತೆಲ್ಲ ನನ್ನದೇ ಆಯಿತು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಏದುಸಿರಿಗೆ ಸಿಕ್ಕಿ ನನ್ನ ಕನ್ನಡದಲ್ಲೂ ಬರೀ ಸ್ವರಗಳು ಉಳಿಯುತ್ತಿದ್ದವು.

ಕೆಳಮನೆಯ ಮಾಮಿ ಗೇಟಿನ ಮುಂದೆ ರಂಗೋಲಿ ಹಾಕುತ್ತ, ನಮ್ಮನ್ನು ಕಂಡಾಗಲೆಲ್ಲ ‘ರೊಂಬ ಪುಳುಕ್ಕಂ’ ಎನ್ನುತ್ತಿದ್ದರು. ಅಪ್ಪ ಮಗಳು ಜೊತೆಯಾಗಿ ಓಡುವುದನ್ನು ನೋಡಿ ಆಕೆಗೆ ಬಹಳ ಪುಳಕವಾಗುತ್ತಿದೆ ಎಂದು ನಾನು ಉಬ್ಬಿಹೋದೆ. ಸುಮ್ಮನಿರುವುದು ಮರ್ಯಾದೆಯಲ್ಲವೆಂದು, ನಿಮ್ಮನ್ನು ನೋಡಿದರೆ ನನಗೂ ರೊಂಬ ಪುಳುಕ್ಕಂ ಎಂದು ನನ್ನ ಹರಕು ತಮಿಳಿನಲ್ಲಿ ತಪ್ಪದೆ ಹೇಳುತ್ತ ಬಂದೆ. ಕ್ರಮೇಣ ಮಾಮಿ ಕಾಣದಾದರು. ರಂಗೋಲಿಗೆ ಮಾಮಾ ಬರತೊಡಗಿದರು. ಅವರಿಗೆ ಚುಕ್ಕಿ ಕೂಡಿಸಲು ಬರುತ್ತಿರಲಿಲ್ಲ. ನನ್ನನ್ನು ದುರುಗುಟ್ಟಿ ನೋಡಲು ಚೆನ್ನಾಗಿ ಬರುತ್ತಿತ್ತು.

ಒಂದು ಮುಂಜಾನೆ ಗಾಳಿಯೇ ಇರಲಿಲ್ಲ. ನನಗೆ ತಲೆ ಸುತ್ತಿತು. ಮಗಳು ನನ್ನನ್ನು ಮರದ ಕೆಳಗೆ ಕೂರಿಸಿ, ಬಾಟಲಿಯ ನೀರನ್ನು ನೆತ್ತಿಗೆ ಸುರಿದಳು. ಎಂಥ ಸೆಕೆಯಪ್ಪಾ ಎಂದು ನಾನು ನರಳಿದ್ದೇ ತಡ, ಅವಳಿಗೆ ನಗು ತಡೆಯಲಾಗಲಿಲ್ಲ. ಪಾಪ, ಮಾಮಿ ಇಷ್ಟು ದಿನ ಹೇಳುತ್ತಿದ್ದದ್ದೂ ಅದನ್ನೇ ಎಂದು ತಮಿಳಿನಲ್ಲಿ ತಿಳಿಸಿದಳು. ಪುಳುಕ್ಕಂ ಎಂದರೆ ಸೆಕೆಯಂತೆ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ಹೆತ್ತ ಮಗಳು ಅಪ್ಪನ ಮಾನವನ್ನು ಕಾಯುವುದೆಂದರೆ ಹೀಗೆ.

ನಗುತ್ತಲೇ ನನ್ನ ಮುಖ ನೋಡಿದವಳು ಪಕ್ಕದಲ್ಲಿ ಕುಳಿತಳು. ನಾನಿನ್ನೂ ಏದುತ್ತಿದ್ದೆ. ನನ್ನ ಕೈ ಹಿಡಿದುಕೊಂಡು, ಹೆದರಿದ ದನಿಯಲ್ಲಿ ಹೇಳಿದಳು:

“ನಾಳೆಯಿಂದ ನಾನೊಬ್ಳೇ ಓಡ್ತೀನಪ್ಪ. ನೀವು ಮನೇಲೇ ಇರಿ.”

ಒಂದೇ ಒಂದು ತಮಿಳು ಪದವಿರಲಿಲ್ಲ. ಥೇಟ್ ನಮ್ಮಮ್ಮನ ಮಾತು. ನನಗೆ ಕಣ್ಣು ತುಂಬಿ ಬಂತು. ಅವಳು ಹೇಳಿದ್ದೇನೆಂದು ತಲೆಗೆ ಹೋದದ್ದು ಆಮೇಲೆ.