ಸರದಾರ ಹೋದ ಮೇಲೆ ಚಿಂದಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ರಕ್ತ ಮೊದಲು ಕಂಡದ್ದು ಮೂಗಿನ ಎಡ ಹೊಳ್ಳೆಯಲ್ಲೋ ಬಲ ಹೊಳ್ಳೆಯಲ್ಲೋ ಎಂಬುದು ನನಗೂ ನನ್ನ ಗಂಡ ಮಹಾಂತೇಶರಿಗೂ ಇನ್ನೂ ಇತ್ಯರ್ಥವಾಗಿಲ್ಲ. ಅವರು ಬಲ ಎನ್ನುತ್ತಾರೆ. ನಾನು ಎಡ ಎನ್ನುತ್ತೇನೆ. ದಿನವೂ ಡೈರಿ ಬರೆಯುವವಳು ನಾನು. ಆ ವಾರಗಳಲ್ಲಿ ಮಾತ್ರ ಬರೆಯಲಿಲ್ಲ. ಬರೆದಿಡಲೇಬೇಕಾದ ದಿನಗಳಲ್ಲಿ ಕೈ ಏಳುವುದಿಲ್ಲ, ಏನೂ ನಡೆಯದ ದಿನ ಎರಡು ಪುಟ ತುಂಬುತ್ತದೆ.

ರಕ್ತ ಬಂದದ್ದು ನಮ್ಮ ನಾಯಿ ಸರದಾರನಿಗೆ.

ಮುಧೋಳ ತಳಿ. ಉದ್ದ ಕಾಲು, ಸಣ್ಣ ನಡು, ಸದಾ ಯಾವುದೋ ಮುಖ್ಯ ಕೆಲಸಕ್ಕೆ ಹೊರಟವನಂಥ ಮುಖ. ಮುಧೋಳದ ನನ್ನ ಸೋದರಮಾವ ಅವನನ್ನು ಮರಿಯಾಗಿದ್ದಾಗ ಬನಹಟ್ಟಿಯ ನಮ್ಮ ಮನೆಗೆ ತಂದುಕೊಟ್ಟಿದ್ದರು. ಅದೇ ತಿಂಗಳು, ಹಿಂದಿನ ಪವರ್‌ಲೂಮ್ ಶೆಡ್ಡಿನಲ್ಲಿ, ಹರಿದ ನೂಲಿನ ರಾಶಿಯೊಳಗೆ ಕಣ್ಣು ತೆರೆಯದ ಒಂದು ಬೆಕ್ಕಿನ ಮರಿ ಸಿಕ್ಕಿತು. ಚಿಂದಿಯಲ್ಲಿ ಸಿಕ್ಕಿದ್ದಕ್ಕೆ ಹೆಸರೂ ಚಿಂದಿ. "ಬ್ಯಾಟಿ ನಾಯಿ ಐತಿ, ಬೆಕ್ಕ ಉಳಿಯಂಗಿಲ್ಲ" ಎಂದು ಸೋದರಮಾವ ಭವಿಷ್ಯ ನುಡಿದಿದ್ದರು. ಮಹಾಂತೇಶರು ಮಗ್ಗ ನಡೆಸುತ್ತಾರೆ, ನಾನು ಜಮಖಂಡಿಯ ಕಾಲೇಜಿಗೆ ಪಾಠಕ್ಕೆ ಹೋಗುತ್ತೇನೆ, ಮರಿಗಳೆರಡನ್ನೂ ಸಾಕಿದವರು ನನ್ನ ಅತ್ತೆ. ಬೆಕ್ಕು ಉಳಿಯಿತು. ನಾಯಿಯ ಹೊಟ್ಟೆಯ ಮೇಲೆ ಮಲಗಿ ಬೆಳೆಯಿತು.

ಒಂದು ವಿಷಯ ಈಗಲೇ ಹೇಳಬೇಕು. ಚಿಂದಿ ಕೂಗುತ್ತಿರಲಿಲ್ಲ. ಮಗ್ಗದ ಮನೆಯಲ್ಲಿ ಕೂಗಿ ಏನು ಪ್ರಯೋಜನ? ಬೆಳಗಿನಿಂದ ಸಂಜೆಯವರೆಗೆ ಖಟಖಟ. ನಾವೇ ಒಬ್ಬರಿಗೊಬ್ಬರು ಕೈಸನ್ನೆ ಮಾಡುತ್ತೇವೆ. ಅವಳಿಗೆ ಹಾಲು ಬೇಕಾದರೆ, ಬಾಗಿಲು ತೆಗೆಯಬೇಕಾದರೆ, ಹೋಗಿ ಸರದಾರನ ಕಿವಿ ಕಚ್ಚುತ್ತಿದ್ದಳು. ಅವನು ಎದ್ದು ಬಂದು ಬೊಗಳುತ್ತಿದ್ದ. ಅತ್ತೆ ಬೈಯುತ್ತ ಬಾಗಿಲು ತೆಗೆಯುತ್ತಿದ್ದರು. ಬೆಕ್ಕಿನ ಬಾಯಿ ನಾಯಿಯ ಹತ್ತಿರ ಇತ್ತು.

ಜಮಖಂಡಿಯ ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಟಿಕ್ ಫೀವರ್, ಉಣ್ಣೆ ಕಚ್ಚಿ ಬರುವ ಜ್ವರ. ಪ್ಲೇಟ್‌ಲೆಟ್ ತೀರ ಇಳಿದಿದೆ. ಕ್ರಿಯಾಟಿನೈನ್ ಏರಿದೆ.

"ಕಿಡ್ನಿಗೂ ಹಿಡದದರಿ ಮೇಡಂ. ಡ್ರಿಪ್ ಹಾಕೋಣ. ಆದ್ರ ಭಾಳ ಆಶಾ ಇಟ್ಕೊಬ್ಯಾಡ್ರಿ."

ಉಣ್ಣೆ ಕಂಡಿತ್ತೇ ಎಂದು ಕೇಳಿದರು. ನಾಯಿಗೆ ಉಣ್ಣೆ ಹತ್ತುವುದು ಎಮ್ಮೆಗೆ ನೊಣ ಕೂತಂತೆ ಎಂದು ತಿಳಿದಿದ್ದವರು ನಾವು. ಎಂ.ಎ. ಮಾಡಿದವಳೂ ಸೇರಿ.

ಆಮೇಲೆ ಮನೆ ಆಸ್ಪತ್ರೆಯಾಯಿತು. ಕಿಟಕಿಯ ಸರಳಿಗೆ ಸಲೈನ್ ಬಾಟಲಿ. ಕೆಳಗೆ ಅತ್ತೆಯ ಕೌದಿ, ಅದರ ಮೇಲೆ ಸರದಾರ. ಮುಂಗಾಲಿಗೆ ಕಟ್ಟಿದ ಸೂಜಿ. ಒಬ್ಬರಾದರೂ ಹಿಡಿದು ಕೂರಬೇಕು. ಮಹಾಂತೇಶರು ಮಗ್ಗದಲ್ಲಿ ಎಳೆ ಹರಿದಿದೆ ಎಂದು ಎದ್ದು ಹೋದರೆ ಮರಳಿ ಬರುತ್ತಿರಲಿಲ್ಲ. ಎಳೆಗಳು ಅಷ್ಟು ಹರಿಯುವ ಮಗ್ಗ ಬನಹಟ್ಟಿಯಲ್ಲಿ ನಮ್ಮದೊಂದೇ ಇರಬೇಕು. ನಾನು ರಜೆ ಹಾಕಿದೆ, ರಜೆ ಮುಗಿಯಿತು, ಮತ್ತೆ ಹಾಕಿದೆ. ಸ್ಟಾಫ್ ರೂಮಿನಲ್ಲಿ "ನಾಯಿಗೇನ್ರಿ ರಜೆ?" ಎಂದು ಕೇಳಿದರು. ಅತ್ತೆಗೆ ಜ್ವರ ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ನನ್ನನ್ನು ಹೆಚ್ಚು ರೇಗಿಸಿದ್ದು ಬೆಕ್ಕು.

ಚಿಂದಿ ಅವನ ಹತ್ತಿರ ಮಲಗುವುದನ್ನು ಬಿಟ್ಟಳು. ಬರುತ್ತಿದ್ದಳು, ಬಾಯಿಯ ಹತ್ತಿರ ಮೂಸುತ್ತಿದ್ದಳು, ಹಿಂದೆ ಸರಿದು ಒಂದು ಮೊಳ ದೂರದಲ್ಲಿ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಅವನು ಕಷ್ಟಪಟ್ಟು ತಲೆ ಎತ್ತಿ ಅವಳ ಕಡೆ ನೋಡುತ್ತಿದ್ದ. ಅವಳು ತಿರುಗುತ್ತಿರಲಿಲ್ಲ. ಇಷ್ಟು ವರ್ಷ ಅವನ ಮೈಮೇಲೆ ನಿದ್ದೆ ಮಾಡಿದವಳು! ಒಮ್ಮೆ ಸಿಟ್ಟು ತಡೆಯದೆ ಅವಳನ್ನು ಎತ್ತಿ ಅವನ ಪಕ್ಕ ಇಟ್ಟೆ. ಕೈ ಪರಚಿ ಓಡಿದಳು.

ಪಕ್ಕದ ಮನೆಯ ಗಂಗಕ್ಕ ಬಂದು ಕೆನ್ನೆಗೆ ಕೈ ಹಚ್ಚಿಕೊಂಡು ನೋಡಿದರು. "ಬೆಕ್ಕಿಗೆ ಮದಲ ಗೊತ್ತಾಗಿರತೈತಿ ಶೈಲಾ. ಯಮಾ ಬಂದು ಕುಂತಿದ್ದು ಅದರ ಕಣ್ಣಿಗೆ ಕಾಣತೈತಿ."

"ಯಮಾ ಕುಂತಾನ ಅಂದ್ರ ಚಾ ಕೊಡೂನೇನು?" ಎಂದರು ಅತ್ತೆ. ಗಂಗಕ್ಕ ಮುನಿಸಿಕೊಂಡು ಹೋದರು.

ಡಾಕ್ಟರರನ್ನು ಕೇಳಿದೆ. ಕಿಡ್ನಿ ಕೆಟ್ಟಾಗ ಉಸಿರಿನ, ಮೈಯ ವಾಸನೆ ಬದಲಾಗುತ್ತದೆ, ಬೆಕ್ಕಿಗೆ ಅವನು ಬೇರೆ ಯಾರೋ ಅನ್ನಿಸಿರಬಹುದು ಎಂದರು. ಇರಬಹುದು. ರಕ್ತ ಕಾಣುವುದಕ್ಕೆ ಎಷ್ಟೋ ಮೊದಲೇ ಅವಳು ಅವನಿಂದ ದೂರ ಮಲಗತೊಡಗಿದ್ದಳು ಎಂದು ಈಗ ನನಗೆ ಅನ್ನಿಸುತ್ತದೆ. ಆದರೆ ಆಗ ನೋಡಿದ್ದೆನೋ, ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ಬೆನ್ನು ತಿರುಗಿಸಿದಾಗ ಅವಳ ಮುಖ ಬಾಗಿಲ ಕಡೆಗೆ ಇರುತ್ತಿತ್ತು. ಅದು ಅಸಹ್ಯವೋ, ಮುನಿಸೋ, ಕಾವಲೋ? ಬೆನ್ನು ನೋಡಿ ಹೇಳಲು ಬರುವುದಿಲ್ಲ, ಮನುಷ್ಯರದ್ದಾದರೂ ಅಷ್ಟೇ.

ರಜೆಯೆಲ್ಲ ಮುಗಿದು ನಾನು ಕಾಲೇಜಿಗೆ ಹೋದ ಮೊದಲ ದಿನ ಫೋನ್ ಬಂತು.

ಸರದಾರ ಹೋದ.

ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಅವನನ್ನು ಅದೇ ಕೌದಿಯಲ್ಲಿ ಸುತ್ತಿದ್ದರು. ಹಣೆಗೆ ಅತ್ತೆ ಮೂರೆಳೆ ವಿಭೂತಿ ಹಚ್ಚಿದ್ದರು. "ನಾಯಿ ಆದ್ರೇನು, ಮನಿಯಾಂವ" ಎಂದರು, ಯಾರೂ ಕೇಳದಿದ್ದರೂ. ಸೋದರಮಾವ ಮುಧೋಳದಿಂದ ಬಂದಿದ್ದರು. ಮನುಷ್ಯರಿಗೆ ಮಣ್ಣು ಕೊಡುವಂತೆಯೇ ನಮ್ಮ ಹೊಲದ ಬೇವಿನ ಬುಡದಲ್ಲಿ ಕುಣಿ ತೋಡಿಸಿ, ಉಪ್ಪು ಹಾಕಿ, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಮಗ್ಗ ನಿಲ್ಲಿಸಿರಲಿಲ್ಲ. ಸೀರೆಗಳನ್ನು ಅಂದೇ ಕಳಿಸುವುದಿತ್ತು. ಅವನನ್ನು ಹೊರಗೆ ಒಯ್ಯುವಾಗಲೂ ಖಟಖಟ ನಡೆದೇ ಇತ್ತು.

ತಿರುಗಿ ಬಂದು ಕೈಕಾಲು ತೊಳೆದ ಮೇಲೆ ಬೆಕ್ಕು ಎಲ್ಲಿ ಎಂದು ಕೇಳಿದೆ.

"ನೂಲಿನ ಖೋಲ್ಯಾಗ ಐತಿ. ಚಿಲಕಾ ಹಾಕೇನಿ" ಎಂದರು ಅತ್ತೆ.

"ಯಾಕ್ರೀ?"

"ಬೆಕ್ಕ ಹೆಣಾ ದಾಟಬಾರದವಾ. ದಾಟಿದ್ರ ಸತ್ತಾಂವ ಅಡ್ಡಾಡತಾನ."

ನಾಯಿಯ ಹಣೆಗೆ ವಿಭೂತಿ ಹಚ್ಚುವವರಿಗೆ ಬೆಕ್ಕಿಗೆ ಅವನ ಮುಖ ತೋರಿಸಬೇಕೆಂದು ಹೊಳೆಯಲಿಲ್ಲ. ಮನೆಯಲ್ಲಿ ಯಾರು ಸತ್ತರೂ ಊರಿನಿಂದ ಬರುವವರಿಗಾಗಿ ಕಾಯುತ್ತೇವೆ, "ಮುಖಾ ನೋಡ್ಲಿ" ಎನ್ನುತ್ತೇವೆ. ಎಲ್ಲರಿಗಿಂತ ಹತ್ತಿರದವಳು ಚಿಲಕದ ಒಳಗಿದ್ದಳು.

ಅಂದೇ ಅತ್ತೆ ಮನೆಯೆಲ್ಲ ತೊಳೆದರು. ನಮ್ಮದು ಶರಣರ ಮನೆ, ನಮಗೆ ಸೂತಕ ಇಲ್ಲ ಎಂದು ಬಾಯಲ್ಲಿ ಹೇಳುತ್ತಲೇ ಕೈಯಲ್ಲಿ ಫಿನಾಯಿಲ್. ಅವನು ಮಲಗುತ್ತಿದ್ದ ಮೂಲೆ, ನೀರು ಕುಡಿಯುತ್ತಿದ್ದ ಬೋಗುಣಿ, ಹೊಸ್ತಿಲು. ಚಿಂದಿ ಹೊರಬಂದಾಗ ಮನೆಯಲ್ಲಿ ಅವನ ವಾಸನೆಯ ಒಂದು ಎಳೆಯೂ ಉಳಿದಿರಲಿಲ್ಲ.

ಅವಳು ಹುಡುಕತೊಡಗಿದಳು. ಮಂಚದ ಕೆಳಗೆ. ಬಚ್ಚಲಲ್ಲಿ. ಮಗ್ಗಗಳ ನಡುವಿನ ಸಂದಿಯಲ್ಲಿ. ಒಮ್ಮೆ ನೋಡಿದ ಜಾಗವನ್ನೇ ಮತ್ತೆ ನೋಡುತ್ತಿದ್ದಳು. ಕನ್ನಡಕ ಕಳೆದುಕೊಂಡವರು ಅದೇ ಕಪಾಟನ್ನು ತೆಗೆದು ತೆಗೆದು ನೋಡುವಂತೆ. ಕೊನೆಗೆ ಬಂದು ನೂಲಿನ ಕೋಣೆಯ ಬಾಗಿಲಲ್ಲಿ ಕೂರುತ್ತಿದ್ದಳು, ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಹಲ್ಲು ಕಾಣುತ್ತಿತ್ತು, ಗುಲಾಬಿ ನಾಲಿಗೆ ಕಾಣುತ್ತಿತ್ತು. ಮಗ್ಗದ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಮಗ್ಗ ನಿಂತ ಮೇಲೆ, ರಾತ್ರಿ, ಮುದುಡಿ ಮಲಗಿಬಿಡುತ್ತಿದ್ದಳು. ಆಕಳಿಸುತ್ತಿದ್ದಾಳೆ ಎಂದುಕೊಂಡಿದ್ದೆ.

ಏನೂ ತಿನ್ನಲಿಲ್ಲ.

"ಬೆಕ್ಕಲ್ಲೇನ, ಹಸಿದ್ರ ತಾನ ತಿಂತೈತಿ" ಎಂದರು ಮಹಾಂತೇಶರು. ಹಸಿಯಿತು, ತಿನ್ನಲಿಲ್ಲ. ಗಂಗಕ್ಕ ಮುನಿಸು ಮರೆತು ಸಲಹೆ ತಂದರು. "ಉಪಾಸ ಬಿದ್ದ ಬೆಕ್ಕ ಮನ್ಯಾಗ ಇಟ್ಕೊಬಾರದು. ಚೀಲದಾಗ ಹಾಕಿ ಹೊಳೀ ಆಚಿ ಬಿಟ್ಟ ಬರ್ರಿ." ಸೋದರಮಾವ ಫೋನ್ ಮಾಡಿ ಇನ್ನೊಂದು ಮರಿ ತರುತ್ತೇನೆ, ಎಲ್ಲ ಸರಿಹೋಗುತ್ತದೆ ಎಂದರು. "ಮಾವಾ, ಇದೇನು ಸೈಕಲ್ ಟ್ಯೂಬೇನೋ ಬದಲೀ ಹಾಕಾಕ?" ಎಂದೆ. ಅವರಿಗೆ ನೋವಾಯಿತು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆ ದಿನಗಳಲ್ಲಿ ನನ್ನನ್ನು ರೇಗಿಸಿದವರೆಲ್ಲ ಒಳ್ಳೆಯ ಮನಸ್ಸಿನವರೇ.

ಬುಟ್ಟಿಯಲ್ಲಿ ಚಿಂದಿಯನ್ನು ಮುಚ್ಚಿಕೊಂಡು ಮತ್ತೆ ಜಮಖಂಡಿಗೆ ಹೋದೆ. ಡಾಕ್ಟರು ಅವಳ ಕಿವಿಯ ಒಳಗನ್ನು, ವಸಡನ್ನು ನೋಡಿದರು. ಜಾಂಡಿಸ್ ಇನ್ನೂ ಇಲ್ಲ ಎಂದರು.

"ಬೆಕ್ಕು ಹಿಂಗ ಉಪಾಸ ಬೀಳಬಾರದರಿ. ಲಿವರ್ ಕೆಡ್ತದ. ಜ್ವರ ಇಲ್ಲ, ಏನಿಲ್ಲ. ತಿನ್ನಲಿಲ್ಲಂದ್ರ ಇದೂ ಉಳಿಯೂದು ಕಷ್ಟ. ಸಿರಿಂಜ್‌ಲೇ ಕುಡಸ್ರಿ." ಆಮೇಲೆ ಕೇಳಿದರು. "ನಾಯಿ ಸತ್ತಿದ್ದು ಇದು ನೋಡಿತ್ತೇನ್ರಿ?"

ಇಲ್ಲ ಎಂದೆ.

"ತೋರಿಸಿದ್ರ ಹುಡುಕೂದು ಕಡಿಮಿ ಆಗ್ತದ ಅಂತ ಕೆಲವರು ಅಂತಾರ. ಖರೆ ಏನೋ, ನನಗೂ ಗೊತ್ತಿಲ್ಲ."

ಗೊತ್ತಿಲ್ಲದ್ದನ್ನು ಅವರು ಹೇಳಬಾರದಿತ್ತು. ಆ ಮಾತು ನನ್ನ ತಲೆಯೊಳಗೆ ಉಣ್ಣೆಯಂತೆ ಕಚ್ಚಿ ಕುಳಿತಿತು.

ಸಿರಿಂಜ್ ಫೀಡಿಂಗ್ ಎಂಬುದು ಕಾಗದದ ಮೇಲೆ ಸುಲಭ. ಟವೆಲ್ಲಿನಲ್ಲಿ ಸುತ್ತಬೇಕು, ಕತ್ತು ಹಿಡಿಯಬೇಕು, ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಬಿಡಬೇಕು. ಅರ್ಧ ನನ್ನ ಸೀರೆಗೆ, ಕಾಲು ಭಾಗ ಮಹಾಂತೇಶರ ಕನ್ನಡಕಕ್ಕೆ. "ಇದರ ಸಲುವಾಗಿ ಮಗ್ಗಾ ಬಿಟ್ಟ ಬಂದೇನಿ, ಮಾರಿ ಪರಚತೈತಿ ನೋಡ!" ಎಂದು ಅವರು ಕಿರುಚುತ್ತಿದ್ದರು. "ಬಿಡ್ರಿ, ನಿಮ್ಮ ಎಳಿ ಹರದಿರತೈತಿ ಹೋಗ್ರಿ" ಎಂದು ನಾನು. "ಚಿಂದೀ, ಚಿಂದೀ, ತಿನ್ನ ಬೇ" ಎಂದು ಇಬ್ಬರೂ ಗೋಗರೆಯುತ್ತಿದ್ದೆವು. ಅವಳು ನಮ್ಮನ್ನು ನೋಡುತ್ತಲೂ ಇರಲಿಲ್ಲ. ಎತ್ತಿಕೊಂಡರೆ ಬೆನ್ನಿನ ಎಲುಬು ಕೈಗೆ ಹತ್ತುತ್ತಿತ್ತು. ಒಂದು ಸಾವನ್ನು ನೋಡಿಕೊಂಡದ್ದಾಗಿತ್ತು. ಇನ್ನೊಂದಕ್ಕೆ ನನ್ನಲ್ಲಿ ಶಕ್ತಿ ಇರಲಿಲ್ಲ. ಅದಕ್ಕೇ ಅಷ್ಟು ಸಿಟ್ಟು ಬರುತ್ತಿತ್ತೆಂದು ಈಗ ಅಂದುಕೊಳ್ಳುತ್ತೇನೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಭಾನುವಾರ ಎಂದು ನನ್ನ ನೆನಪು, ನಾನು ಮನೆಯಲ್ಲಿದ್ದೆನಲ್ಲ. ನಮ್ಮ ಮಗ್ಗ ನಿಂತಿತು, ಗಂಗಕ್ಕನ ಮನೆಯದು ನಿಂತಿತು, ಇಡೀ ಓಣಿಯೇ ನಿಂತಿತು. ಆಗ ಕೇಳಿತು.

ಚಿಂದಿಯ ಕೂಗು.

ಒಡಕು ಧ್ವನಿ. ಉದ್ದ. ಕೊನೆಯಲ್ಲಿ ಪ್ರಶ್ನೆಯಂತೆ ಮೇಲೇರುತ್ತಿತ್ತು. ಅವಳು ಆಕಳಿಸುತ್ತಿರಲಿಲ್ಲ. ಅಷ್ಟು ದಿನವೂ ಕೂಗುತ್ತಿದ್ದಳು. ನಮ್ಮ ಕಣ್ಣೆದುರಿಗೇ, ಬಾಯಿ ಪೂರ್ತಿ ತೆರೆದು.

ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಕೈ ನಿಂತಿತು. ಆಮೇಲೆ ಬಿಸಿ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ಹಿಸುಕಿ, ಹಿತ್ತಲ ಮೆಟ್ಟಿಲಿಗೆ ತಟ್ಟೆ ತಂದಿಟ್ಟು, ಯಾವಾಗಿನಂತೆ ಗಂಟಲೆತ್ತಿ ಕರೆದರು.

"ಸರದಾರಾ! ಬಾರಲೇ, ಉಣ್ಣ ಬಾ!"

ಬಾಯಿ ತಪ್ಪಿ ಕರೆದರೋ, ಬೇಕೆಂದೇ ಕರೆದರೋ ಗೊತ್ತಿಲ್ಲ. ಚಿಂದಿಯ ಕಿವಿ ನಿಮಿರಿತು. ಎದ್ದಳು. ಓಡಿ ಬಂದಳು, ಮೆಟ್ಟಿಲಲ್ಲಿ ನಿಂತು ಸುತ್ತ ನೋಡಿದಳು, ಅವನಿಲ್ಲ. ತಟ್ಟೆ ಮೂಸಿದಳು. ಮತ್ತೆ ಸುತ್ತ ನೋಡಿದಳು. ತಟ್ಟೆಯ ಅರ್ಧ ತಿಂದಳು. ಇನ್ನರ್ಧವನ್ನು ಮುಟ್ಟಲಿಲ್ಲ.

ಆಗ ನನಗೆ ಹೊಳೆದದ್ದು ಇಷ್ಟೇ. ನಮ್ಮ ಮನೆಯಲ್ಲಿ ಬೆಕ್ಕನ್ನು ಊಟಕ್ಕೆ ಯಾರೂ ಎಂದೂ ಕರೆದಿರಲಿಲ್ಲ. ಅತ್ತೆ ನಾಯಿಯನ್ನು ಕರೆಯುತ್ತಿದ್ದರು, ಬೆಕ್ಕು ಅವನ ಹಿಂದೆ ಬರುತ್ತಿತ್ತು. ಊಟದ ಹೆಸರೇ ಅವಳಿಗೆ ಸರದಾರ. ನಾವು ಟವೆಲ್ ಹಿಡಿದು ಚಿಂದಿ ಚಿಂದಿ ಎಂದು ಗೋಗರೆದದ್ದೆಲ್ಲ ಅವಳಿಗೆ ಬರೀ ಸದ್ದು. ಇದೂ ನನ್ನ ಊಹೆಯೇ ಇರಬಹುದು. ಅಂದು ಹಸಿವು ತಾನಾಗಿ ಮರಳಿರಬಹುದು. ಮಹಾಂತೇಶರು "ನಾ ಹೇಳಿದ್ನಿಲ್ಲ, ಹಸಿದ್ರ ತಿಂತೈತಿ ಅಂತ" ಎಂದು ಈಗಲೂ ಗೆಲ್ಲುತ್ತಾರೆ.

ಅಂದಿನಿಂದ ಅತ್ತೆ ದಿನಾ ಸಂಜೆ ಮೆಟ್ಟಿಲಲ್ಲಿ ನಿಂತು ಸತ್ತ ನಾಯಿಯನ್ನು ಊಟಕ್ಕೆ ಕರೆಯುತ್ತಾರೆ. ಗಂಗಕ್ಕ ಗೋಡೆಯ ಆಚೆಯಿಂದ "ಸತ್ತವರ ಹೆಸರ ಹಿಡದ ದೀಪಾ ಹಚ್ಚೂ ಹೊತ್ತಿಗೆ ಕರೀಬಾರದು ಬೇ" ಎಂದರೆ, "ನಿನ್ನ ಕರದಿಲ್ಲಲ್ಲ, ಸುಮ್ಮನಿರ" ಎಂದು ಅತ್ತೆಯ ಉತ್ತರ. ಚಿಂದಿ ಬರುತ್ತಾಳೆ. ಮೊದಮೊದಲು ಅರ್ಧ, ಈಗ ಮುಕ್ಕಾಲು. ತಟ್ಟೆಯ ಒಂದು ಬದಿಯನ್ನು ಇನ್ನೂ ಉಳಿಸುತ್ತಾಳೆ. ಬೆನ್ನಿನ ಎಲುಬು ಕೈಗೆ ಹತ್ತುವುದಿಲ್ಲ. ಡಾಕ್ಟರು ನೋಡಿ "ಪಾರಾತರಿ" ಎಂದರು. ನಾನು ಅಷ್ಟು ಬೇಗ ನಂಬುವವಳಲ್ಲ. ಆದರೂ ಆ ಮಾತಿಗೆ, ಆ ಅರ್ಧ ತಟ್ಟೆಗೆ, ಕರೆಂಟು ಕಡಿದವರಿಗೂ ಸೇರಿ ಕೃತಜ್ಞಳು.

ಈಗ ಅವಳು ಮಲಗುವುದು ಸರದಾರನ ಮೂಲೆಯಲ್ಲಿ. ಹಗಲು ಕೆಲವೊಮ್ಮೆ ಅದೇ ನೂಲಿನ ಕೋಣೆಯ ಬಾಗಿಲಿಗೆ ಹೋಗಿ ಬಾಯಿ ತೆರೆಯುತ್ತಾಳೆ. ನಾನು ಪಾಠದ ತಯಾರಿ ಬಿಟ್ಟು ಎದ್ದು ಹೋಗಿ ಅವಳ ಪಕ್ಕ ಕುಳಿತುಕೊಳ್ಳುತ್ತೇನೆ, ಏನೂ ಕೇಳದಿದ್ದರೂ.

ಸರದಾರನನ್ನು ಒಯ್ದ ದಿನ ನಾನು ಬರುವುದಕ್ಕೆ ಮುಂಚೆ ಆ ಬಾಗಿಲಿಗೆ ಚಿಲಕ ಹಾಕಿ ನಿಂತವರು ಅತ್ತೆ ಒಬ್ಬರೇ. ಮೊನ್ನೆ ಜೋಳ ಹಸನು ಮಾಡುತ್ತ ಎದುರು ಕೂತಿದ್ದಾಗ ಕೇಳಿದೆ.

"ಅತ್ತೀ, ಅವತ್ತ ಚಿಲಕಾ ಹಾಕಿದ ಮ್ಯಾಲ, ಬಾಗಲಕ್ಕ ಕಿವಿ ಹಚ್ಚಿದ್ರೇನ್ರಿ? ಒಳಗ ಅದು ಕೂಗಾಕತ್ತಿತ್ತೇನು?"

ಅವರು ಮೊರದಲ್ಲಿದ್ದ ಒಂದು ಕಲ್ಲನ್ನು ಆರಿಸಿ ಹೊರಗೆ ಎಸೆದರು. ಇನ್ನೊಂದನ್ನು ಹುಡುಕತೊಡಗಿದರು.