ತಾರೀಖಿನಿಂದ ಹುಟ್ಟಿದ ನಂಬರು

ಗೌರಮ್ಮ, ನಮ್ಮ ಮಾತ್ರೆ ಫ್ಯಾಕ್ಟರಿಯ ಔಷಧಿ ಸ್ಟೋರಿನ ಬಾಗಿಲಿನ ನಂಬರನ್ನು ಹೊರಗೆ ಬಿಟ್ಟವನು ನಾನು—ನೀನಲ್ಲ. ಹನ್ನೊಂದು ವರ್ಷ ಈ ಒಂದು ಸಾಲನ್ನು ಬಚ್ಚಿಟ್ಟುಕೊಂಡಿದ್ದೆ.

ನನ್ನನ್ನು ನೀನು ಬಲ್ಲೆ. ಫ್ಯಾಕ್ಟರಿಯ ಗಂಟೆಯನ್ನು ಹತ್ತು ನಿಮಿಷ ಮುಂಚೆ ಬಾರಿಸಿ ಇಡೀ ಶಿಫ್ಟನ್ನು ಗೇಟಿಗೆ ಓಡಿಸಿದವನು, ಮ್ಯಾನೇಜರ ಕಂಪ್ಯೂಟರಿನಲ್ಲಿ ಕತ್ತೆ ಕೂಗಿಸಿದವನು. ಇಡೀ ನಂಜನಗೂಡಿನಲ್ಲಿ ಕಂಪ್ಯೂಟರ್ ವಿಷಯಕ್ಕೆ ನನ್ನ ಸಮ ಯಾರಿದ್ದರು ಹೇಳು! ಆ ಬೀಗದ ಪ್ರೋಗ್ರಾಮು ಬರೆದವನೂ ನಾನೇ. ದಿನಕ್ಕೊಂದು ಆರಂಕಿಯ ನಂಬರು, ಸ್ಟೋರ್‌ಕೀಪರಾದ ನಿನ್ನ ಪರದೆಯ ಮೇಲೆ ಮಾತ್ರ.

ಕಂಪ್ಯೂಟರು ಮನಸ್ಸಿಗೆ ಬಂದ ನಂಬರು ಹೇಳುತ್ತದೆ ಎಂದು ನಿಮಗೆಲ್ಲ ಹೇಳಿದ್ದೆ. ಅದಕ್ಕೆಲ್ಲಿಯ ಮನಸ್ಸು? ಮೊದಲು ನಾವೊಂದು ಅಂಕಿ ಕೊಡಬೇಕು. ಅದನ್ನು ಕಲಸಿ ಕದಡಿ ಇನ್ನೊಂದು ಮಾಡುತ್ತದೆ. ಅದೇ ಅಂಕಿ ಕೊಟ್ಟರೆ ಅದೇ ಉತ್ತರ—ಎಷ್ಟು ಸಲ ಕೊಟ್ಟರೂ. ಹಾಗಾಗಿ ಆ ಮೊದಲ ಅಂಕಿ ಯಾರ ಊಹೆಗೂ ಸಿಗಬಾರದು. ಕೀಲಿಗಳ ಮೇಲೆ ಬೆರಳು ಬೀಳುವ ಹೊತ್ತಿನ ಸಣ್ಣ ಏರುಪೇರು, ಯಂತ್ರದೊಳಗಿನ ವಿದ್ಯುತ್ತಿನ ಗೊಂದಲ—ಅಂಥದ್ದರಿಂದ ಎತ್ತಬೇಕು. ಗೊತ್ತಿತ್ತು ನನಗೆ. ಆದರೂ ಅಂದಂದಿನ ತಾರೀಖನ್ನೇ ಕೊಟ್ಟುಬಿಟ್ಟೆ. ಯಾರಿಗೆ ತಿಳಿಯುತ್ತದೆ ಎಂದು...

ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಂದು ಸಂಜೆ, ಅದೇ ಪ್ರೋಗ್ರಾಮಿದ್ದ ನನ್ನ ಕಂಪ್ಯೂಟರಿನ ತಾರೀಖನ್ನು ಒಂದು ದಿನ ಮುಂದಕ್ಕೆ ತಿರುಗಿಸಿದೆ; ನಾಳೆಯ ನಂಬರು ಇವತ್ತೇ ಬಂತು. ಗೇಟಿನೆದುರಿನ ಟೀ ಅಂಗಡಿಯಲ್ಲಿ ಕಣ್ಣು ಮುಚ್ಚಿ, ಜೋಯಿಸನಂತೆ ಬೆರಳು ಮಡಚಿ, ನಾಳೆ ಸ್ಟೋರಿನ ನಂಬರು ಇದೇ ಎಂದು ಆರೂ ಅಂಕಿಗಳನ್ನು ಜೋರಾಗಿ ಹೇಳಿದೆ.

“ರೀಲು ಬುಡಬ್ಯಾಡ ಕಣ್ಲಾ,” ಎಂದ ವಾಚ್‌ಮನ್ ಸಿದ್ದರಾಜು.

“ತಪ್ಪಾದ್ರೆ ಮೀಸೆ ಬೋಳುಸ್ಕೋತೀನಿ, ನೋಡ್ತಿರ್ಲಾ!”

ಎಲ್ಲರೂ ನಕ್ಕರು. ಯಾರೋ ಒಬ್ಬ ನಗದೆ ಕೇಳಿಸಿಕೊಂಡಿರಬೇಕು—ಯಾರೆಂದು ಇಂದಿಗೂ ಗೊತ್ತಿಲ್ಲ.

ಮಾರನೆಯ ದಿನ ನೀನು ಊಟಕ್ಕೆ ಹೋಗಿದ್ದಾಗ ಸ್ಟೋರು ತೆರೆದಿತ್ತು. ಬೀಗ ಮುರಿದಿರಲಿಲ್ಲ. ನಿದ್ದೆ ಮಾತ್ರೆಗೆ ಹಾಕುವ ಪುಡಿಯ ಎರಡು ಡಬ್ಬಿ ಇರಲಿಲ್ಲ. ಯಾರ ಕೈಗೆ ಹೋಯಿತೋ, ಯಾರ ಲೋಟಕ್ಕೆ ಬಿತ್ತೋ—ಈಗಲೂ ಗೊತ್ತಿಲ್ಲ. ಸಿದ್ದರಾಜು ನನ್ನ ಮುಖ ನೋಡಿ ತಲೆ ತಗ್ಗಿಸಿದ. ನಂಬರು ಕೇಳಿಸಿಕೊಂಡಿದ್ದ ಅವನಿಗೂ ಕೆಲಸ ಹೋದೀತೆಂಬ ಭಯ.

ಮ್ಯಾನೇಜರ ಎದುರು ನೀನು ನನ್ನ ಕಡೆಗೇ ತಿರುಗಿದೆ.

“ಸಾ, ಇದು ನೀವ್ ಮಾಡಿದ್ ಬೀಗ. ನಾನ್ ಯೋಳ್ದೇ ಇದ್ರೆ ಬ್ಯಾರೆಯೋರ್ಗೆ ನಂಬರ್ ತಿಳಿಯಾಕಾಯ್ತದಾ? ನೀವೇ ಯೋಳಿ ಸಾ.”

“ಸಾಧ್ಯನೇ ಇಲ್ಲ,” ಎಂದೆ.

ಎರಡೇ ಮಾತು. ನಿನ್ನ ಕೆಲಸ ಹೋಯಿತು, ಕಳ್ಳಿ ಎಂಬ ಹೆಸರು ಉಳಿಯಿತು. ನಾನು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡೆ.

ಹೋದ ವಾರ ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನೀನೇ ಓಡಿಬಂದು ಮಾತಾಡಿಸಿದೆ. “ಚೆನ್ನಾಗಿದ್ದೀರಾ ಸಾ? ನಾನೇ ಬಾಯ್ ತಪ್ಪಿ ಯಾರ್ ಮುಂದಾದ್ರೂ ನಂಬರ್ ಅಂದ್ಬುಟ್ನಾ ಅಂತ ಈಗ್ಲೂ ಯೋಚ್ನೆ ಮಾಡ್ತೀನಿ. ನೆಪ್ಪೇ ಬರಾಕಿಲ್ಲ.”

ನಾನು ಎದುರಿಗಿದ್ದ ಬಸ್ಸು ಹತ್ತಿದೆ—ಎಲ್ಲಿಗೆ ಹೋಗುತ್ತದೆಂದೂ ನೋಡಲಿಲ್ಲ.

ನಡೆಯದ್ದು ಹೇಗೆ ನೆನಪಾದೀತು, ಗೌರಮ್ಮ? ಇನ್ನು ಹುಡುಕಬೇಡ. ಇದನ್ನೇ ಬರೆದು, ಸಹಿ ಹಾಕಿ, ಫ್ಯಾಕ್ಟರಿಗೆ ಕಳಿಸಿದ್ದೇನೆ. ಪೊಲೀಸರು ಬರಬಹುದು. ಬರಲಿ ಎನ್ನುವಷ್ಟು ಧೈರ್ಯ ನನಗಿಲ್ಲ. ನೀನು ಬಂದರೆ ಇನ್ನೂ ಹೆಚ್ಚು ಹೆದರುತ್ತೇನೆ. ಹೆದರುತ್ತಲೇ ಮನೆಯಲ್ಲಿ ಕೂತಿರುತ್ತೇನೆ. ಈ ಸಲ ಓಡುವುದಿಲ್ಲ.