ಸುಡದ ಚಿಪ್ಪಿ

ಕಾಗಾಲದ ರೇಖಾ ಎಂಥ ಹಟಮಾರಿ ಎಂದು ತಿಳಿಯಬೇಕಾದರೆ ಹೊನ್ನಾವರದ ಆ ಶೆಡ್ಡಿಗೇ ಹೋಗಬೇಕು. ಒಳಗೊಂದು ಸ್ಟೀಲ್ ಟ್ಯಾಂಕು, ಮೂಲೆಯಲ್ಲಿ ರಾಶಿ ಗೇರುಹಣ್ಣು. ಬೀಜ ಕಿತ್ತುಕೊಂಡು ಊರವರು ಎಸೆಯುವ ಹಣ್ಣನ್ನು ಇವಳು ಬೇಡಿ ತರುತ್ತಾಳೆ. ರಸ ಹಿಂಡಿ ಟ್ಯಾಂಕಿಗೆ ತುಂಬಿ, ಹಾಲನ್ನು ಮೊಸರು ಮಾಡುವ ಜಾತಿಯ ಬ್ಯಾಕ್ಟೀರಿಯಾ ಬಿಟ್ಟರೆ ಅವು ಸಿಹಿಯನ್ನೆಲ್ಲ ತಿಂದು ಹುಳಿ ಮಾಡುತ್ತವೆ. ಕ್ಯಾಲ್ಸಿಯಂ ಮಾತ್ರೆಗೆ ಬೇಕಾದ ಬಿಳಿ ಪುಡಿ ಆಗುವುದು ಆ ಹುಳಿಯಿಂದ.

ಹೇಳುವುದಕ್ಕೆ ಬಲು ಸಲೀಸು! ಆದರೆ ಈ ಬ್ಯಾಕ್ಟೀರಿಯಾಗಳಂಥ ಪೆದ್ದ ಜೀವಿಗಳು ಬೇರೆ ಇಲ್ಲ. ತಾವು ಮಾಡಿದ ಹುಳಿಯಲ್ಲಿ ತಾವೇ ಉಸಿರುಗಟ್ಟಿ ಕೈಕಟ್ಟಿ ಕೂರುತ್ತವೆ. ಅರ್ಧ ಸಿಹಿ ಹಾಗೇ ಉಳಿದು ರಸ ಕೊಳೆಯುತ್ತದೆ. ಮೇಲಿಂದ ಮೇಲೆ ರಸ ಚರಂಡಿಗೆ ಹೋಯಿತು. ಶೆಡ್ಡಿನ ಯಜಮಾನ ಕಮಲಾಕರ ಶೆಟ್ಟರು ಒಳ್ಳೆಯವರೇ, ಆದರೆ ಎಷ್ಟೆಂದು ಕಾದಾರು? ಈ ಹಂಗಾಮಿನ ಗೇರುಹಣ್ಣು ಮುಗಿಯುವುದರೊಳಗೆ ಕೆಲಸ ಕೈಗೂಡದಿದ್ದರೆ ಟ್ಯಾಂಕು ಬಿಚ್ಚಿ ಐಸ್ ಮಿಶಿನ್ನು ಕೂರಿಸುತ್ತೇನೆ ಎಂದುಬಿಟ್ಟರು.

ಹುಳಿ ಹುಟ್ಟಿದಂತೆಲ್ಲ ಅದನ್ನು ಹಿಡಿದು ಹಾಕಬೇಕು, ಇದ್ದದ್ದು ಅದೊಂದೇ ದಾರಿ. ಹುಳಿಯನ್ನು ಹಿಡಿಯುವುದು ಸುಣ್ಣ, ಬಿಳಿ ಪುಡಿ ಆಗುವುದೂ ಅವೆರಡೂ ಕೂಡಿಯೇ. ಅಘನಾಶಿನಿ ಹೊಳೆಯಲ್ಲಿ ಚಿಪ್ಪಿ ಹೆಕ್ಕಿ ಬದುಕಿದ ಮನೆಯವಳಿಗೆ ಸುಣ್ಣಕ್ಕೇನು ಬರ? ತಾಯಿ ನಾಗಿ ಚಿಪ್ಪಿ ಸುಟ್ಟ ಸುಣ್ಣವನ್ನೇ ಕಟ್ಟಿಕೊಟ್ಟಳು. ರೇಖಾ ಹಿಂದೆಮುಂದೆ ನೋಡದೆ ಸುರಿದಳು. ಮರುದಿನ ಟ್ಯಾಂಕಿನಲ್ಲಿ ಜೀವವೇ ಇರಲಿಲ್ಲ. ಸುಟ್ಟ ಸುಣ್ಣದ ಉರಿಗೆ ಬ್ಯಾಕ್ಟೀರಿಯಾ ಅಷ್ಟೂ ಸತ್ತಿದ್ದವು.

ಅವಳಿಗೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಚಿಪ್ಪಿಯೆಂದರೆ ಭಟ್ಟಿಗೆ ಹಾಕುವುದು ಎಂದೇ ನೋಡುತ್ತ ಬೆಳೆದವಳು. ಸುಡದೆಯೂ ಬಳಸಬಹುದು ಎಂಬುದು ತಲೆಗೇ ಹೊಳೆದಿರಲಿಲ್ಲ. ಸುಡದ ಚಿಪ್ಪಿಗೆ ಆ ಉರಿಯಿಲ್ಲ. ಹುಳಿ ಎಷ್ಟು ತಾಗಿತೋ ಅಷ್ಟೇ ಕರಗುತ್ತದೆ.

ಉಳಿದದ್ದು ಕೊನೆಯ ರಾಶಿ ಹಣ್ಣು. ರೇಖಾ ಚಿಪ್ಪಿ ತೊಳೆದು ಒಣಗಿಸಿ ಕುಟ್ಟಲು ಕೂತಳು. ನಾಗಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಸುಡದೆ ಸುಣ್ಣ ಆತದೇನೆ? ಎಂತ ಹುಚ್ಚು ನಿಂದು?"

"ಸುಣ್ಣ ಆಗೂದೇ ಬ್ಯಾಡ ಅವ್ವಿ. ಪುಡಿ ಆದ್ರೆ ಸಾಕು."

ಮಗಳ ಅಂಗೈಯ ಬೊಬ್ಬೆ ಕಂಡದ್ದೇ ನಾಗಿ ಬೈಯುತ್ತಲೇ ಇನ್ನೊಂದು ಒನಕೆ ಎತ್ತಿಕೊಂಡಳು. ಬೈಗುಳವೂ ನಿಲ್ಲಲಿಲ್ಲ, ಒನಕೆಯೂ ನಿಲ್ಲಲಿಲ್ಲ.

ಈ ಸಲ ಹೊಸ ರಸಕ್ಕೆ ಬ್ಯಾಕ್ಟೀರಿಯಾ ಬಿಟ್ಟು, ಅದು ಹುಳಿಯಾಗತೊಡಗಿದಾಗ ಪುಡಿ ಬಿದ್ದದ್ದೇ ಟ್ಯಾಂಕು ಬುಸುಬುಸು ನೊರೆ ಕಾರಿತು. ನೊರೆ ಇಳಿದಾಗಲೆಲ್ಲ ರೇಖಾ ಇನ್ನಷ್ಟು ಪುಡಿ ಹಾಕಿದಳು. ಅತ್ತಿತ್ತ ಹೋಗಲಿಲ್ಲ, ಊಟವೂ ಅಲ್ಲೇ.

ಹಂಗಾಮು ಮುಗಿದದ್ದೇ ಶೆಟ್ಟರು ಟ್ಯಾಂಕು ಬಿಚ್ಚಲು ಮೆಕ್ಯಾನಿಕ್ಕನನ್ನು ಕರೆದುಕೊಂಡೇ ಬಂದರು. ಅವನು ಪಾನಾ ಹಿಡಿದು ಬೋಲ್ಟಿಗೆ ಬಗ್ಗಿದ. ರೇಖಾ ಅಡ್ಡ ನಿಂತು, ಟ್ಯಾಂಕಿನ ರಸವನ್ನು ಲೋಟದಲ್ಲಿ ಹಿಡಿದು ಶೆಟ್ಟರ ಮುಂದೆ ಚಾಚಿದಳು.

"ಸಿಹಿ ಅದ್ಯಾ ನೋಡಿ, ಶೆಟ್ರೇ."

ಶೆಟ್ಟರು ಬೆರಳದ್ದಿ ನೆಕ್ಕಿದರು. ಇನ್ನೊಮ್ಮೆ ನೆಕ್ಕಿದರು. ಸಿಹಿಯ ಸುಳಿವೇ ಇಲ್ಲ. ಅಷ್ಟನ್ನೂ ಬ್ಯಾಕ್ಟೀರಿಯಾ ತಿಂದು ಮುಗಿಸಿದ್ದವು. ಅವರು ಮೆಕ್ಯಾನಿಕ್ಕನಿಗೆ ಪಾನಾ ಚೀಲಕ್ಕೆ ಹಾಕು ಎಂದರು. ಐಸ್ ಮಿಶಿನ್ನಿಗೆ ಬಂದರಿನ ಕಡೆ ಜಾಗ ನೋಡಿದರಾಯಿತು ಎಂದೂ ಸೇರಿಸಿದರು.

ರೇಖಾಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಒರೆಸಿಕೊಳ್ಳುವ ಗೊಡವೆಗೂ ಹೋಗದೆ ಅವಳು ಮೆಕ್ಯಾನಿಕ್ಕನನ್ನು ಕೂಗಿ ನಿಲ್ಲಿಸಿದಳು.

"ಹೋಗಬೇಡ. ಇನ್ನೊಂದು ಟ್ಯಾಂಕು ಎಲ್ಲಿ ಕೂರಿಸೂದು, ಅಳತೆ ತಕೊ."